ಮಾಳಪ್ಪನ ರುಮಾಲು ತೊಳೆದದ್ದು

…ಅಥವಾ ಅದು ಅಪ್ಪಟ ಬಿಳಿ ರುಮಾಲೇ ಆಗಿರಲಿಲ್ಲವೇನೋ. ಬಿಳಿಯದೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಿಳಿಯದೆಂದರೆ ನಾನು ಮಾಡಿದ್ದಕ್ಕೆ ಒಂದು ಕಾರಣ ಸಿಗುತ್ತದೆ. ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ ಕಂಡರೆ ಯಾರಿಗಾದರೂ ತೆಗೆಯಬೇಕು ಅನ್ನಿಸುತ್ತದೆ. ತಲೆಗೆ ಸುತ್ತಿ ಸುತ್ತಿ ಮೊದಲೇ ಕಂದಿದ್ದ ಬಟ್ಟೆಯಾಗಿದ್ದರೆ ಆ ಕಾರಣವೂ ಇಲ್ಲ. ರುಮಾಲಿನ ಉದ್ದ ನೆನಪಿದೆ, ಒಂದು ತುದಿ ಹರಿದು ಗಂಟು ಹಾಕಿದ್ದು ನೆನಪಿದೆ, ಕೈಯಲ್ಲಿ ಹಿಡಿದಾಗಿನ ತೂಕ ನೆನಪಿದೆ. ಬಣ್ಣವೊಂದು ಖಚಿತವಿಲ್ಲ. ನಾನು ಹೇಳಬೇಕಾಗಿರುವುದೆಲ್ಲ ಬಣ್ಣದ ವಿಷಯ, ಅದೇ ಖಚಿತವಿಲ್ಲ.

ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಮೂವತ್ತಕ್ಕೂ ಹೆಚ್ಚು ವರ್ಷ ಜನರ ಹಳೆಯ ಬಟ್ಟೆ ಬಿಚ್ಚಿ, ಕತ್ತರಿಸಿ, ಬೇರೊಂದು ಮಾಡಿ, ಕನ್ನಡಿ ಗೊಂಡೆ ಹಚ್ಚಿ ಕೊಟ್ಟವಳು ನಾನು. ಸೀರೆಯಿಂದ ಲಂಗ, ಧೋತರದಿಂದ ಕೂಸಿನ ಅಂಗಿ, ಹರಿದ ಸೀರೆಗಳಿಂದ ಹೊದೆಯುವ ಕೌದಿ, ಉಳಿದ ಖಣದಿಂದ ಚೀಲ. ಹೋದ ವರ್ಷ ಸೂಜಿಯ ಕಣ್ಣಿಗೆ ದಾರ ಪೋಣಿಸಲಾಗದೆ ಹೋದಾಗ ನಿಲ್ಲಿಸಿದೆ. ನಮ್ಮ ಓಣಿಯ ಮೂವರು ಹುಡುಗಿಯರು ಈಗ ಇದೇ ಕೆಲಸ ಹಿಡಿದಿದ್ದಾರೆ. ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. "ಅಕ್ಕಾರ, ನಿಮಗ ಗೊತ್ತಿದ್ದದ್ದು ಒಂದ ವಹಿಯಾಗ ಬರದ ಕೊಡ್ರಿ" ಅಂದರು. ಅವರಿಗೆ ಬೇಕಾಗಿದ್ದುದು ಅಳತೆ, ಕತ್ತರಿಸುವ ರೀತಿ, ಹಳೆಯ ಬಟ್ಟೆ ಪಿಸಿಯದ ಹಾಗೆ ಹೊಲಿಗೆ ಹಾಕುವ ಉಪಾಯ. ಬರೆಯಲು ಮೂರು ಸಲ ಕುಳಿತೆ. ಮೂರು ಸಲವೂ ಎರಡನೆಯ ಹಾಳೆಗೆ ಬರುವಷ್ಟರಲ್ಲಿ ರುಮಾಲೇ ಬಂತು. ಇನ್ನು ಅದನ್ನೇ ಬರೆದುಬಿಡುತ್ತೇನೆ. ಆದರೆ ಅದಕ್ಕಿಂತ ಮೊದಲು ಆ ತಪ್ಪು ಯಾವ ದಾರಿಯಿಂದ ಬಂತೆಂಬುದನ್ನು ಹೇಳಬೇಕು.

ನನ್ನ ಮೇಲಿನ ಅಧಿಕಾರಿ ನನ್ನ ಅತ್ತೆ. ಮದುವೆಯಾಗಿ ಬಂದ ಮೇಲೆ ಒಂದು ವರ್ಷ ಅವರು ನನ್ನ ಕೈಗೆ ಕತ್ತರಿ ಕೊಡಲಿಲ್ಲ. ಬ್ಲೇಡು ಕೊಟ್ಟರು. ಹಳೆಯ ಹೊಲಿಗೆ ಬಿಚ್ಚುವುದಷ್ಟೇ ನನ್ನ ಕೆಲಸ. ಒಂದು ದಿನ ಸಿಟ್ಟಿನಿಂದ, "ಹೊಲ್ಯಾಕ ಯಾವಾಗ ಕಲಸ್ತೀರಿ ಅತ್ತಿ?" ಎಂದೆ.

"ಹೊಲ್ಯಾಕ ಯಾರಿಗರ ಬರತೈತಿ. ನೀ ಬಿಚ್ಚಾಕ ಕಲಿ. ಬಿಚ್ಚೋದರಾಗ ಹರದ್ರ ಹೊಲದ ಏನ ಮಾಡ್ತಿ?"

ಬಂದ ಬಟ್ಟೆಯನ್ನು ಅವರು ಮೊದಲು ಮೂಸುತ್ತಿದ್ದರು. ಆಮೇಲೆ ತಂದವರಿಗೆ ಎರಡು ಪ್ರಶ್ನೆ. "ಇದು ಯಾರದು?" "ಇದರಾಗ ಏನ ಉಳೀಬೇಕು?" ಮೊದಲನೆಯದಕ್ಕೆ ಎಲ್ಲರೂ ಬೇಗ ಉತ್ತರ ಹೇಳುತ್ತಿದ್ದರು. ಎರಡನೆಯದಕ್ಕೆ ತಡವರಿಸುತ್ತಿದ್ದರು. ಒಬ್ಬಾಕೆಗೆ ಗಂಡನ ಅಂಗಿಯ ಕಿಸೆಯೊಂದು ಉಳಿಯಬೇಕು. ಇನ್ನೊಬ್ಬಳಿಗೆ ತಾಯಿಯ ಸೀರೆಯಲ್ಲಿ ಒಲೆಯ ಕಿಡಿ ಬಿದ್ದು ಸುಟ್ಟ ತೂತು ಉಳಿಯಬೇಕು. ತೂತಿನ ಸುತ್ತ ಅತ್ತೆ ಹೂವಿನಂತೆ ದಾರ ಸುತ್ತಿ ಕೊಟ್ಟಿದ್ದರು. ಆಗ ನನಗೆ ಇದು ಮುದುಕಿಯರ ಕಾಲಹರಣ ಅನ್ನಿಸುತ್ತಿತ್ತು.

ಅತ್ತೆ ತೀರಿದ ಮೇಲೆ ಪಡಸಾಲೆ ನನ್ನದಾಯಿತು. ಜೊತೆಗೆ ಶಾಂತಾ ಇದ್ದಳು, ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಕನ್ನಡಿ ಹಚ್ಚುವುದರಲ್ಲಿ ಅವಳ ಕೈ ನನ್ನ ಕೈಗಿಂತ ನಯ. ಬಾಯಿ ಮಾತ್ರ ಒರಟು.

ಒಂದು ಸಣ್ಣ ತಪ್ಪನ್ನು ಇಲ್ಲೇ ಹೇಳುತ್ತೇನೆ. ಹುಕ್ಕೇರಿಯ ಒಬ್ಬ ಸಾಲಿ ಬಾಯಿ, ಅಂದರೆ ಕನ್ನಡ ಶಾಲೆಯ ಶಿಕ್ಷಕಿ, ಅಜ್ಜಿಯ ಇಳಕಲ್ ಸೀರೆ ತಂದು ಜಂಪರು ಹೊಲಿಸಿದರು. ಸೆರಗಿನ ಕೆಂಪು ಬಿಳಿ ಗೋಪುರಗಳು ಬೆನ್ನ ಮೇಲೆ ಬರಬೇಕು ಎಂದಿದ್ದರು. ಬಂದವು, ತಲೆಕೆಳಗಾಗಿ ಬಂದವು. ಅವರು ಅದನ್ನೇ ತೊಟ್ಟು ಮದುವೆಯೊಂದಕ್ಕೆ ಹೋಗಿ ಬಂದು ನಮ್ಮ ಮುಂದೆ ಬೆನ್ನು ತಿರುಗಿಸಿ ನಿಂತರು.

"ಇದನ್ನ ನೋಡಾಕ ಮಂದಿ ಕಾಲ ಮ್ಯಾಲ ಮಾಡಬೇಕೇನ್ರಿ ಅಕ್ಕಾರ?" ಎಂದು ನಕ್ಕರು. ನಾನೂ ನಕ್ಕೆ, ಬಿಚ್ಚಿ ತಿರುಗಿಸಿ ಕೊಟ್ಟೆ. ಇಂಥ ತಪ್ಪುಗಳಿಗೆ ನನಗೆ ನಾಚಿಕೆಯಿಲ್ಲ. ಬೆನ್ನ ಮೇಲೆ ಕಾಣುವ ತಪ್ಪನ್ನು ಯಾರಾದರೂ ತೋರಿಸುತ್ತಾರೆ, ನಾವು ತಿದ್ದುತ್ತೇವೆ.

ನಡುವೆ ಕೆಲಸದ ರೀತಿ ಬದಲಾಯಿತು. ಕೈಯಿಂದ ತಿರುಗಿಸುವ ಮಿಷನ್ನಿಗೆ ಮೋಟರು ಬಂತು. ಒಂದೊಂದು ಕನ್ನಡಿಗೂ ಸುತ್ತ ದಾರದ ಮನೆ ಕಟ್ಟುತ್ತಿದ್ದೆವು, ಈಗ ಅಂಟಿನಿಂದ ಹತ್ತುವ ಕನ್ನಡಿ ಬಂದವು. ರೆಡಿ ಲೇಸು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಕಲೆ ತೆಗೆಯುವ ಪುಡಿಗಳು ಬಂದವು. ಅತ್ತೆ ಶೀಗೆಪುಡಿಯ ನೀರಿನಲ್ಲಿ ಹಗುರಾಗಿ ಜಾಲಿಸಿ ತೆಗೆಯುತ್ತಿದ್ದರು. ನಾನು ಬಿಸಿನೀರು, ಸೋಡಾ, ಬ್ಲೀಚಿಂಗ್ ಪುಡಿ ಹಾಕಿ ಹಳೆಯದನ್ನು ಹೊಸದರಂತೆ ಮಾಡಿ ತೋರಿಸುತ್ತಿದ್ದೆ. ಜನ ಬೆರಗಾಗುತ್ತಿದ್ದರು. "ಇದು ನಮ್ಮ ಅರಬಿನ ಹೌದೇನ್ರಿ?" ಅನ್ನುತ್ತಿದ್ದರು. ಆ ಮಾತನ್ನು ಹೊಗಳಿಕೆ ಎಂದೇ ತಿಳಿದೆ. ಬಟ್ಟೆ ಹೆಚ್ಚು ಬರತೊಡಗಿದಂತೆ ಅತ್ತೆಯ ಎರಡನೆಯ ಪ್ರಶ್ನೆ ನನ್ನ ಬಾಯಿಂದ ಬಿದ್ದುಹೋಯಿತು. ಯಾವಾಗ ಎಂದು ಹೇಳಲಾರೆ. ಯಾರದು ಎಂದು ಕೇಳುತ್ತಿದ್ದೆ, ಚೀಟಿಯಲ್ಲಿ ಹೆಸರು ಬರೆಯಬೇಕಿತ್ತಲ್ಲ, ಅದಕ್ಕೆ.

ಮೂಡಲಗಿ ಆಗ ಇನ್ನೂ ತಾಲೂಕಾಗಿರಲಿಲ್ಲ. ಅದರ ಹತ್ತಿರದ ಕಲ್ಲೋಳಿಯಿಂದ ಲಗಮವ್ವ ಎಂಬ ಮುದುಕಿ ತನ್ನ ಸೊಸೆ ಕಸ್ತೂರಿಯನ್ನು ಕರೆದುಕೊಂಡು ಬಂದರು. ಕುರುಬರ ಮನೆತನ. ಕಸ್ತೂರಿಯ ಕಂಕುಳಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಲಗಮವ್ವ ಚೀಲದಿಂದ ಒಂದು ರುಮಾಲು ತೆಗೆದು ನನ್ನ ಮಿಷನ್ನಿನ ಮೇಲಿಟ್ಟರು.

"ಇದು ನಮ್ಮ ಮುದುಕಂದು. ಮಾಳಪ್ಪ ಅಂತ. ಹ್ವಾದ ವರ್ಷ ಹ್ವಾದ. ಇದರಾಗ ಕೂಸಿಗೆ ಒಂದ ಕುಂಚಗಿ ಮಾಡಿ ಕೊಡ ತಂಗಿ. ಸುತ್ತ ಕನ್ನಡಿ ಹಚ್ಚು, ಕೆಂಪ ಗೊಂಡೆ ಕಟ್ಟು."

ಕುಂಚಿಗೆ ಎಂದರೆ ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಸಾಮಾನ್ಯವಾಗಿ ಅಜ್ಜಿಯ ಸೀರೆಯಲ್ಲೋ ಖಣದಲ್ಲೋ ಮಾಡುತ್ತೇವೆ.

"ಹೆಣ್ಣ ಕೂಸಲ್ಲೇನ ಅಜ್ಜಿ? ರುಮಾಲ ಯಾಕ? ನಿಮ್ಮದ ಒಂದ ಸೀರಿ ಕೊಡ್ರಿ, ಚಂದ ಮಾಡತೇನಿ" ಎಂದೆ.

"ನಮ್ಮ ಬಾಜೂ ಮನಿಯಾಕಿನೂ ಇದನ್ನ ಅಂದ್ಲು. ಹಣಿ ಗಂಡಸಿಗೆ ಬ್ಯಾರೆ, ಹೆಂಗಸಿಗೆ ಬ್ಯಾರೆ ಇರತೈತೇನ ಯವ್ವಾ?"

ಕಸ್ತೂರಿ ಸೆರಗಿನಲ್ಲಿ ನಕ್ಕಳು. ನನಗೆ ಆ ಮಾತು ಪೂರ್ತಿ ತಿಳಿಯಲಿಲ್ಲ, ಕೇಳಲೂ ಇಲ್ಲ. ಮಾಳಪ್ಪ ದಿನಾಲೂ ಬೆಳಿಗ್ಗೆ ಕುರಿ ಬಿಡುವ ಮೊದಲು ದೇವರ ಭಂಡಾರವನ್ನು, ಅಂದರೆ ಪೂಜೆಯ ಅರಿಶಿನವನ್ನು, ಹಣೆ ತುಂಬ ಬಳಿದುಕೊಂಡು ಅದರ ಮೇಲೆಯೇ ರುಮಾಲು ಸುತ್ತುತ್ತಿದ್ದನಂತೆ. ಬೆವರಿಗೆ ಭಂಡಾರ ಇಳಿದು ರುಮಾಲಿನ ಒಂದು ಮಡಿಕೆಯಲ್ಲಿ ಕಂದು ಹಳದಿಯ ಕಲೆ ಕೂತಿತ್ತು, ಅಂಗೈ ಅಗಲ. ಲಗಮವ್ವ ಇದನ್ನು ಅವತ್ತೇ ಹೇಳಿದರೋ ಆಮೇಲೆ ಹೇಳಿದರೋ ಎಂಬುದು ನನ್ನ ಪಾಲಿಗೆ ದೊಡ್ಡ ಪ್ರಶ್ನೆ. ಅವತ್ತೇ ಹೇಳಿದ್ದರೆ ನಾನು ಕೇಳಿಸಿಕೊಳ್ಳದೆ ಮಾಡಿದೆ. ಆಮೇಲೆ ಹೇಳಿದ್ದರೆ ತಿಳಿಯದೆ ಮಾಡಿದೆ. ಎರಡನ್ನೂ ನಾನು ಬೇರೆ ಬೇರೆ ಜನರಿಗೆ ಹೇಳಿದ್ದೇನೆ.

ಆ ದಿನವೇ ರುಮಾಲನ್ನು ನೆನೆಹಾಕಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನ ತಂತಿಯ ಮೇಲೆ ಅದು ಬೆಳ್ಳಗೆ ಹಾರಾಡುತ್ತಿತ್ತು. ನನಗೆ ಖುಷಿಯಾಗಿತ್ತು, ಅದನ್ನೂ ಬರೆಯಬೇಕು.

ಎರಡು ದಿನಕ್ಕೆ ಕಸ್ತೂರಿ ಒಬ್ಬಳೇ ಬಂದಳು. ಗೊಂಡೆಗೆ ಕೆಂಪು ಉಣ್ಣೆಯ ದಾರ ತಂದಿದ್ದಳು. ಕೊಟ್ಟು, ಬಾಗಿಲಲ್ಲಿ ನಿಂತೇ ಹೇಳಿದಳು: "ಅಕ್ಕಾರ, ಅತ್ತಿ ಒಂದ ಮಾತ ಹೇಳಿ ಕಳಿಸ್ಯಾರ. ಆ ಡಾಗ ಐತೆಲ್ರಿ ಭಂಡಾರದ್ದು, ಅದು ಕೂಸಿನ ನಡು ಹಣಿ ಮ್ಯಾಲ ಬರುವಂಗ ಹೊಲೀಬೇಕಂತ. ಮುದುಕನ ಹಣಿ ಕೂಸಿನ ಹಣಿಗೆ ಹತ್ತಬೇಕಂತ್ರಿ."

ಹಿತ್ತಲ ಬಾಗಿಲು ತೆರೆದೇ ಇತ್ತು. ಅವಳು ಎರಡು ಹೆಜ್ಜೆ ಒಳಗೆ ಬಂದಿದ್ದರೆ ತಂತಿಯ ಮೇಲೆ ಇನ್ನೂ ತೆಗೆಯದೆ ಬಿಟ್ಟಿದ್ದ ರುಮಾಲು ಕಾಣುತ್ತಿತ್ತು.

"ಆತು" ಎಂದೆ.

ಆ ಒಂದು ಮಾತನ್ನು ಹೇಳುವಾಗ ನನಗೆ ಬೇರೆ ಮಾತು ಸಿಗಲಿಲ್ಲವೆಂದಲ್ಲ. ಸಿಕ್ಕಿತ್ತು. ಗೋಕಾಕದಿಂದ ಕಲ್ಲೋಳಿಯವರೆಗೆ ನನ್ನ ಕೈಗೆ ಒಂದು ಹೆಸರಿತ್ತು. ಅದು ಬಾಯಿಗೆ ಅಡ್ಡ ನಿಂತಿತು.

ಅವಳು ಹೋದ ಮೇಲೆ ಅಡುಗೆಮನೆಗೆ ಹೋದೆ. ಅರಿಶಿನದ ಡಬ್ಬಿ ತೆಗೆದೆ. ಕುಸುಬಿ ಎಣ್ಣೆ, ಚಹಾದ ಗಟ್ಟಿ ನೀರು, ಒಲೆಯ ಬೂದಿ, ಹಿತ್ತಲಿನ ಕೆಮ್ಮಣ್ಣು, ಎಲ್ಲವನ್ನೂ ಇಟ್ಟುಕೊಂಡು ಹಳೆಯ ಧೋತರದ ಚೂರುಗಳ ಮೇಲೆ ಬಳಿದು ಬಳಿದು ನೋಡಿದೆ. ಒಂದು ಬಹಳ ಹಳದಿಯಾಯಿತು, ಒಂದು ಸಾರು ಚೆಲ್ಲಿದ ಹಾಗಾಯಿತು. ಐದನೆಯದೋ ಆರನೆಯದೋ ಸರಿ ಬಂತು. ಆಗ ಶಾಂತಾ ನೀರು ಕುಡಿಯಲು ಬಂದಳು.

"ಏನ ಮಾಡಾಕತ್ತಿ ಯಕ್ಕಾ? ದೇವರ ಭಂಡಾರ ನಮ್ಮ ಒಲಿ ಮುಂದ ತಯಾರಾಗಾಕತ್ತೈತೇನು?"

"ಸುಮ್ಮನಿರ. ತೊಳದ ಬಿಟ್ಟೇನಿ. ಈಗೇನ ಮಾಡ್ಲಿ?"

"ತೊಳದ ಬಿಟ್ಟೇನಿ ಅಂತ ಹೇಳು. ಬೈತಾರ. ಬೈಸಿಕೊ. ಎಷ್ಟೊತ್ತ ಬೈತಾರ ಅವರು?"

"ನಿನಗ ತಿಳ್ಯಾಂಗಿಲ್ಲ."

"ನನಗ ತಿಳ್ಯಾಂಗಿಲ್ಲ ಖರೆ. ಆದ್ರ ಆ ಮುದುಕ ಸತ್ತಾನ ಯಕ್ಕಾ. ಅಂವ ಮತ್ತ ಬಂದು ಬೆವರಾಂಗಿಲ್ಲ."

ಅವಳು ನೀರು ಕುಡಿದು ಹೋದಳು. ನಾನು ರುಮಾಲಿನ ಮಡಿಕೆ ಹಿಡಿದು ಬೆರಳ ತುದಿಯಿಂದ ಕಲೆ ಮಾಡಿದೆ. ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು, ಒಂದು ಕಡೆ ಬೆವರು ಇಳಿದ ಹಾಗೆ ಉದ್ದ ಗೆರೆ. ಒಣಗಿಸಿದೆ, ತಿಕ್ಕಿದೆ, ಮತ್ತೆ ಬಳಿದೆ, ಇಸ್ತ್ರಿ ಒತ್ತಿದೆ. ಹುಡುಗಿಯರೇ, ನಿಮಗೆ ಒಂದು ಮಾತು ಹೇಳಬೇಕು. ಅದು ನನ್ನ ಕೈಯಿಂದ ಬಂದ ಎಲ್ಲ ಕೆಲಸಗಳಲ್ಲಿ ಒಳ್ಳೆಯ ಕೆಲಸ. ಅಷ್ಟು ಗಮನವಿಟ್ಟು ನಾನು ಯಾವ ಕಸೂತಿಯನ್ನೂ ಮಾಡಿಲ್ಲ. ಮುಗಿದ ಮೇಲೆ ದೂರ ಹಿಡಿದು ನೋಡಿ ಹೆಮ್ಮೆಪಟ್ಟೆ. ಸುಳ್ಳು ಹೇಳಿದ್ದಕ್ಕಿಂತ ಆ ಹೆಮ್ಮೆ ನೆನಪಾದಾಗ ಮುಖ ಹೆಚ್ಚು ಸುಡುತ್ತದೆ.

ಕುಂಚಿಗೆ ತೆಗೆದುಕೊಂಡು ಹೋಗಲು ಅತ್ತೆ ಸೊಸೆ ಇಬ್ಬರೂ ಬಂದರು. ಲಗಮವ್ವ ಕನ್ನಡಿಗಳನ್ನು ನೋಡಲಿಲ್ಲ, ಗೊಂಡೆ ನೋಡಲಿಲ್ಲ. ಕಲೆಯ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಸವರಿದರು. ಆಮೇಲೆ ಕೂಸಿನ ತಲೆಗೆ ಹಾಕಿ, "ಬಾ ನನ್ನ ಕುರಿ ಕಾಯಾಕಿ" ಎಂದರು. ಕೂಸು ಅತ್ತಿತು. "ಅಳಬ್ಯಾಡ, ನಿಮ್ಮಜ್ಜನೂ ಹೀಂಗ ಮಾರಿ ಗಂಟ ಹಾಕಿಕೊಂಡಿರತಿದ್ದ" ಎಂದು ತಾವೇ ನಕ್ಕರು. ಶಾಂತಾ ಎದ್ದು ಒಳಗೆ ಹೋದಳು.

ಆಮೇಲೆ ಕಲ್ಲೋಳಿಯಿಂದಲೂ ಮೂಡಲಗಿಯಿಂದಲೂ ಹೆಂಗಸರು ಬಂದರು. "ಲಗಮವ್ವಾಯಿ ಮೊಮ್ಮಗಳಿಗೆ ಮಾಡೀರಲ್ರಿ, ಹಂಗ" ಅನ್ನುತ್ತಿದ್ದರು. ತಂದೆಯ ರುಮಾಲು, ಮಾವನ ಧೋತರ. ಅವುಗಳನ್ನು ನಾನು ತೊಳೆಯಲಿಲ್ಲ. ಎರಡನೆಯ ಪ್ರಶ್ನೆಯನ್ನೂ ಕೇಳುತ್ತಿದ್ದೆ. ಇದರಿಂದ ನಾನು ಸುಧಾರಿಸಿದೆ ಎಂದು ತೋರಬಹುದು. ಹಾಗೆ ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ನನಗೆ ಬುದ್ಧಿ ಬಂದದ್ದಕ್ಕೆ ಬೇರೆಯವಳೊಬ್ಬಳು ಬೆಲೆ ತೆತ್ತಳು.

ಐದಾರು ತಿಂಗಳಾಗಿರಬೇಕು. ಬೇಸಿಗೆ ಎಂಬುದು ಮಾತ್ರ ಖಾತ್ರಿ. ಕಸ್ತೂರಿ ಒಬ್ಬಳೇ ಬಸ್ಸಿನಲ್ಲಿ ಬಂದಳು, ಬಗಲಲ್ಲಿ ಕೂಸು. ನಾನು ಕೌದಿಗೆ ಪದರು ಹಾಸುತ್ತಿದ್ದೆ. ಅವಳು ಕುಂಚಿಗೆಯನ್ನು ನನ್ನ ಮುಂದೆ ಬಿಡಿಸಿ ಹಾಕಿದಳು. ಕಲೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಎಳೆ ಹಳದಿಯ ಒಂದು ಛಾಯೆ, ಅದೂ ಇದೆ ಎಂದು ತಿಳಿದವರಿಗೆ ಕಾಣುವಷ್ಟು.

"ಕೂಸು ಉಚ್ಚಿ ಹೊಯ್ತರಿ. ಬರೇ ನೀರಾಗ ಜಾಲಿಸಿ ಮಾಳಗಿ ಮ್ಯಾಲ ಬಿಸಲಿಗೆ ಹಾಕೀನಿ. ಸಂಜಿಕ ತಗ್ಯಾಕ ಹೋದ್ರ ಹಿಂಗಾಗಿತ್ತು. ಅತ್ತಿ ಮಾತ ಬಿಟ್ಟಾರ್ರಿ ಅಕ್ಕಾರ. ನನ್ನ ಕೈಯಾಗಿನ ನೀರ ಮುಟ್ಟವಲ್ರು. ಮುದುಕನ್ನ ಎರಡನೇ ಸಲ ಹುಗದಿ ಅಂದ್ರು."

ನಾನು ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನೋಡುವಂಥದ್ದೇನೂ ಇರಲಿಲ್ಲ. ಅಡುಗೆಮನೆಯ ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಅರಿಶಿನ ಬಿದ್ದ ಸೀರೆಯನ್ನು ಬಿಸಿಲಿಗೆ ಹಾಕಿದ ಪ್ರತಿಯೊಬ್ಬಳಿಗೂ ಗೊತ್ತು.

"ನನಗ ಒಂದ ತಿಳೀವಲ್ದರಿ" ಎಂದಳು ಕಸ್ತೂರಿ. "ನಮ್ಮ ಮಾವ ದಿನಾ ಹೊತ್ತ ಹೊಂಟ್ರ ಹೊತ್ತ ಮುಳಗೂತನಾ ಬಿಸಲಾಗ ಇರಾಂವ. ಇದ ರುಮಾಲ ತಲಿ ಮ್ಯಾಲ. ಅಷ್ಟ ವರ್ಷ ಹೋಗಲಾರದ್ದು ಒಂದ ದಿನದ ಬಿಸಲಿಗೆ ಹೆಂಗ ಹೋತು?"

ಅವಳ ದನಿಯಲ್ಲಿ ಸಂಶಯವಿರಲಿಲ್ಲ. ನಿಜವಾಗಿಯೂ ತಿಳಿಯದೆ, ತಿಳಿದವರನ್ನು ಕೇಳಿದಳು. ಮಾಳಪ್ಪನ ಕಲೆ ದಿನಾಲೂ ಹೊಸ ಭಂಡಾರ ಕುಡಿಯುತ್ತಿತ್ತು, ನಾನು ಬಳಿದದ್ದು ಒಂದೇ ದಿನದ್ದು. ಶಾಂತಾ ಗೋಡೆಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡಿದಳು. ಉತ್ತರ ನನಗೆ ಬಿಟ್ಟಳು.

"ನೀ ಸೋಪ ಹಾಕಿರಬೇಕು" ಎಂದೆ.

"ಇಲ್ಲರಿ."

"ಕೂಸಿನ ಅರಬಿ ಸೋಪಿಲ್ಲದ ಹೆಂಗ ಒಗೀತಿ? ನೆನಪ ಮಾಡಿಕೊ. ಸೋಪ ಜಾಸ್ತಿ ಆಗಿ, ತಿಕ್ಕಿರಬೇಕು. ಹಳೇ ಡಾಗ ತಿಕ್ಕಿದ್ರ ಹೋಗತೈತಿ."

ಅವಳು ತನ್ನ ಕೈ ನೋಡಿಕೊಂಡಳು. "ತಿಕ್ಕಿಲ್ಲ ಅನಸ್ತೈತಿ" ಎಂದಳು. ಮೊದಲು "ಇಲ್ಲರಿ" ಅಂದವಳು ಈಗ "ಅನಸ್ತೈತಿ" ಅಂದಳು. ಅದು ನನ್ನ ಕಿವಿಗೆ ಬಿತ್ತು, ಸಮಾಧಾನವೂ ಆಯಿತು.

ಹೊರಡುವಾಗ ಕೇಳಿದಳು: "ನೀವ ಒಂದ ಸಲ ಬಂದು ಅತ್ತಿಗೆ ಹೇಳ್ರಿ ಅಕ್ಕಾರ. ನಿಮ್ಮ ಮಾತ ಕೇಳತಾರ. ಬೇಕಂತ ಮಾಡಿದ್ದಲ್ಲ ಅಂತರ ಹೇಳ್ರಿ."

"ಬರ್ತೇನಿ" ಎಂದೆ. ಹೋಗಲಿಲ್ಲ.

ಒಂದು ವಾರ ಮದುವೆಯ ಕೆಲಸವಿತ್ತು. ಆಮೇಲೆ ನನ್ನ ಗಂಡನಿಗೆ ಜ್ವರ ಬಂತು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಕಲ್ಲೋಳಿಯಿಂದ ಬಂದ ಒಬ್ಬ ಹೆಂಗಸು ಅಳತೆ ಕೊಡುತ್ತ, ಕಸ್ತೂರಿ ಹುಕ್ಕೇರಿ ಕಡೆಯ ತವರಿಗೆ ಹೋಗಿದ್ದಾಳೆ, ಬರುವ ಲಕ್ಷಣವಿಲ್ಲ ಎಂದಳು. "ಯಾಕಂತ?" ಎಂದು ಶಾಂತಾ ಕೇಳಿದಳು. "ಅತ್ತಿ ಸೊಸಿ ಕೂಡವಲ್ದು" ಎಂದಳು ಆಕೆ. ಅಷ್ಟೇ. ಆಕೆ ಹೋದ ಮೇಲೆ ಶಾಂತಾ ನನಗೆ, "ಇವತ್ತರ ಹೋಗ ಯಕ್ಕಾ. ನಾನೂ ಬರ್ತೇನಿ ಜೋಡಿಗೆ" ಎಂದಳು. ನಾನು ಅವಳ ಮೇಲೆ ರೇಗಿದೆ. ಆ ತಿಂಗಳು ನಾವಿಬ್ಬರೂ ಒಂದೇ ಪಡಸಾಲೆಯಲ್ಲಿ ಕೂತು ಬೆನ್ನು ಮಾಡಿಕೊಂಡು ಹೊಲಿದೆವು.

ಇನ್ನೂ ಕೆಟ್ಟದ್ದನ್ನು ಹೇಳುವುದಿದೆ. ಶಾಂತಾ ತೀರಿ ಎಂಟು ವರ್ಷವಾಯಿತು. ಅವಳು ಹೋದ ಮೇಲೆ ಈ ಕಥೆಯನ್ನು ನಾನು ಒಂದಿಬ್ಬರಿಗೆ ಹೇಳಿದೆ, ಕೆಲಸ ಕಲಿಯಲು ಬಂದವರಿಗೆ, ಎಚ್ಚರಿಕೆಯ ಮಾತಾಗಿ. ಹೇಳುವಾಗ, "ನಮ್ಮ ಶಾಂತಾ ಒಂದ ಸಲ ಕೇಳದ ತೊಳದ ಬಿಟ್ಲು" ಎಂದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಹಾಗೇ ಬಂತು. ಎರಡನೆಯ ಸಲ ಅದು ಇನ್ನೂ ಸುಲಭವಾಯಿತು. ಈಗ ಕಣ್ಣು ಮುಚ್ಚಿದರೆ ಹಿತ್ತಲಿನ ಕಲ್ಲಿನ ಮುಂದೆ ಸೆರಗು ಸಿಕ್ಕಿಸಿಕೊಂಡು ರುಮಾಲು ಹಿಂಡುವ ಶಾಂತಾಳೇ ಕಾಣುತ್ತಾಳೆ, ಅವಳ ಹಸಿರು ಬಳೆ ಸಮೇತ. ನನ್ನ ಕೈ ಕಾಣುವುದಿಲ್ಲ. ತೊಳೆದವಳು ನಾನೇ ಎಂದು ನನಗೆ ಗೊತ್ತು, ಆದರೆ ಅದು ನೆನಪಿನಿಂದ ಗೊತ್ತಿರುವುದಲ್ಲ. ಒಲೆಯ ಮುಂದೆ "ತೊಳದ ಬಿಟ್ಟೇನಿ" ಎಂದು ನಾನು ಅವಳಿಗೆ ಹೇಳಿದ್ದು ನೆನಪಿದೆ, ಅದರಿಂದ ಗೊತ್ತು.

ಕೆಲಸ ನಿಲ್ಲಿಸಿದ ಮೇಲೆ ಕಲ್ಲೋಳಿಗೆ ಹೋದೆ. ಲಗಮವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಹಿರಿಯ ಮಗನ ಸಂಸಾರವಿತ್ತು. ಕಸ್ತೂರಿಯ ಗಂಡ ಹೆಂಡತಿಯ ಹಿಂದೆಯೇ ಹೋಗಿ ಹುಕ್ಕೇರಿಯಲ್ಲಿ ನಿಂತನೆಂದೂ, ಅವಳು ಅಲ್ಲಿನ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಾಳೆಂದೂ ಹೇಳಿದರು. ಒಂದು ಮನೆ ಎರಡಾದದ್ದನ್ನು ಅವರು ಮಳೆ ಬೆಳೆಯ ವಿಷಯ ಹೇಳಿದ ಹಾಗೆ ಹೇಳಿದರು.

ಮುಂದಿನ ವಾರ ಹುಕ್ಕೇರಿ ಬಸ್ಸು ಹತ್ತಿದೆ. ಶಾಲೆ ಬಿಟ್ಟ ಹೊತ್ತಿಗೆ ಮನೆ ಹುಡುಕಿಕೊಂಡು ಹೋದೆ. ಕಸ್ತೂರಿ ಗುರುತು ಹಿಡಿದಳು. ಕೂದಲು ಬೆಳ್ಳಗಾಗಿತ್ತು, ನಗು ಹಾಗೇ ಇತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಮಗಳು ಕಾಲೇಜಿಗೆ ಹೋಗ್ಯಾಳ, ಇದ್ರ ತೋರಿಸ್ತಿದ್ದೆ. ನಿಮ್ಮ ಕುಂಚಗಿ ಹಾಕಿಕೊಂಡಾಕಿ ಈಗ ನನಗಿಂತ ಎತ್ತರ ಆಗ್ಯಾಳ."

ಚಹಾ ಇಡಲು ಎದ್ದವಳನ್ನು ಕೂರಿಸಿ ಎಲ್ಲ ಹೇಳಿದೆ. ನೆನೆಹಾಕಿದ್ದು, ಪುಡಿ ಹಾಕಿದ್ದು, ಅಡುಗೆಮನೆಯ ಅರಿಶಿನ, ಚಹಾದ ನೀರು. ಅವಳಿಗೆ ಸೋಪಿನ ಮಾತು ಹೇಳಿ ಕಳಿಸಿದ್ದು. ಶಾಂತಾಳ ಹೆಸರು ತರದೆ ಹೇಳಿದೆ. ಮುಗಿದ ಮೇಲೆ ಕಸ್ತೂರಿ ತಲೆ ಅಲ್ಲಾಡಿಸಿದಳು.

"ಇಲ್ಲ ಬಿಡ್ರಿ."

"ಏನ ಇಲ್ಲ?"

"ತಿಕ್ಕಿದ್ದು ನಾನರಿ. ಕಲ್ಲಿನ ಮ್ಯಾಲ ಹಾಕಿ, ಸೋಪ ಹಚ್ಚಿ ಗಸಗಸ ತಿಕ್ಕೀನಿ. ಸೋಪ ತಾಗಿದ ಕೂಡ್ಲೆ ಡಾಗ ಕೆಂಪಗಾತು. ಕೆಂಪ ನೀರ ಹರದ ಹೋತು. ನನಗಿನ್ನೂ ಕಣ್ಣಾಗ ಐತಿ."

"ಕಸ್ತೂರಿ, ನೀ ಅವತ್ತ ನನ್ನ ಮುಂದ ಬರೇ ನೀರಾಗ ಜಾಲಿಸೀನಿ ಅಂದಿದ್ದಿ."

"ಅಂಜಿ ಸುಳ್ಳ ಹೇಳಿರಬೇಕ್ರಿ."

"ನೀ ಸುಳ್ಳ ಹೇಳಲಿಲ್ಲ. ಹೇಳಿದಾಕಿ ನಾನು."

ಅವಳು ಎದ್ದು ಒಳಗೆ ಹೋದಳು. ಒಲೆ ಹತ್ತಿಸಿದ ಸಪ್ಪಳ ಕೇಳಿತು. ಅಲ್ಲಿಂದಲೇ ಮಾತಾಡಿದಳು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು.

"ಅತ್ತಿಗೆ ಆರಾಮ ಇಲ್ಲದಾಗ ದವಾಖಾನಿಗೆ ಹೋಗಿದ್ನಿರಿ. ಅಷ್ಟ ವರ್ಷ ಮಾತಿದ್ದಿಲ್ಲ. ಕಾಲ ಹಿಡದ ಹೇಳಿದೆ, ತಪ್ಪ ನಂದ ಅತ್ತಿ, ನಾನ ತಿಕ್ಕಿ ಕಳದೇನಿ, ನಿಮ್ಮ ಮುಂದ ಸುಳ್ಳ ಹೇಳಿದ್ದೆ ಅಂತ. ಆಮ್ಯಾಲ ಅವರು ನನ್ನ ತಲಿ ಮ್ಯಾಲ ಕೈ ಇಟ್ರು. ಹುಚ್ಚಿ, ಅಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನು ಅಂದ್ರು. ಎರಡ ದಿನ ನನ್ನ ಕೈಲೆ ಗಂಜಿ ಕುಡದ್ರು." ಚಹಾ ಸೋಸಿದಳು. "ಈಗ ನೀವ ಬಂದು ಅದು ನಿಂದಲ್ಲ ಅಂದ್ರ, ನಾ ಅದನ್ನ ಎಲ್ಲೆ ಇಡ್ಲಿ ಅಕ್ಕಾರ?"

ಕುಂಚಿಗೆ ಎಲ್ಲಿದೆ ಎಂದು ಕೇಳಿದೆ. ಅದನ್ನು ನೋಡಿದರೆ ನನಗೆ ತಿಳಿಯುತ್ತಿತ್ತು. ಕಲ್ಲಿಗೆ ಹಾಕಿ ತಿಕ್ಕಿದ ಬಟ್ಟೆಯ ಎಳೆ ಎದ್ದಿರುತ್ತದೆ, ಬಿಸಿಲಿಗೆ ಮಾತ್ರ ಹಾಕಿದ್ದು ಹಾಗಿರುವುದಿಲ್ಲ. ಬಟ್ಟೆಯ ವಿಷಯದಲ್ಲಿ ನನಗೆ ಅಷ್ಟು ಗೊತ್ತು.

"ಅತ್ತಿ ಜೋಡಿ ಮಣ್ಣಾಗ ಇಟ್ಟೇವ್ರಿ" ಎಂದಳು. "ಅವರ ಹೇಳಿದ್ರು, ತಲಿ ಕೆಳಗ ಇಡ್ರಿ ಅಂತ."

ಚಹಾ ಕುಡಿದೆ. ಅವಳು ಬಸ್ ಸ್ಟ್ಯಾಂಡಿನವರೆಗೆ ಬಂದಳು. ದಾರಿಯಲ್ಲಿ ಮಗಳ ಓದಿನ ವಿಷಯ ಹೇಳಿದಳು, ಶಾಲೆಯ ಅಕ್ಕಿಯಲ್ಲಿ ಕಲ್ಲು ಬರುವ ವಿಷಯ ಹೇಳಿದಳು. ಸೀಟು ಹಿಡಿದು ಕೊಟ್ಟು, "ಹುಷಾರಿ ಹೋಗ್ರಿ" ಎಂದಳು. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಸೋಪು ತಾಗಿದರೆ ಅರಿಶಿನ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ. ಆದ್ದರಿಂದ ಅವಳು ಹೇಳಿದ ಕೆಂಪು ನೀರು ಏನನ್ನೂ ಸಾಬೀತು ಮಾಡುವುದಿಲ್ಲ. ಅವಳು ನಿಜವಾಗಿ ತಿಕ್ಕಿದ್ದಳೋ, ಅಥವಾ ಗೋಕಾಕದ ನಮ್ಮ ಪಡಸಾಲೆಯಲ್ಲಿ ನಾನು "ನೆನಪ ಮಾಡಿಕೊ" ಎಂದದ್ದಕ್ಕೆ ನೆನಪು ಮಾಡಿಕೊಂಡಳೋ, ನನಗೆ ಗೊತ್ತಿಲ್ಲ. ಲಗಮವ್ವ ಕೊನೆಗೆ ಕ್ಷಮಿಸಿದ್ದು ಯಾರನ್ನು ಎಂದೂ ಗೊತ್ತಿಲ್ಲ. ನಾನು ಹುಕ್ಕೇರಿಗೆ ಹೋಗಿ ಹೇಳಿದ್ದು ಕಸ್ತೂರಿಗಾಗಿಯೋ ನನಗಾಗಿಯೋ, ಅದೂ ಗೊತ್ತಿಲ್ಲ.